ವೇಬ್ರಿಡ್ಜಿನಲ್ಲಿ ಓದಿದ ಮಾಯಾಕಾದಂಬರಿ

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ನಾನು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಒಂದು ವೇಬ್ರಿಡ್ಜಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಲಾರಿ ಬಂದು ನಿಂತರೆ ಪರದೆಯ ಮೇಲೆ ತೂಕ ಮೂಡುತ್ತಿತ್ತು, ನಾನು ಚೀಟಿ ಮುದ್ರಿಸಿ ಕಿಟಕಿಯಿಂದ ಕೊಡುತ್ತಿದ್ದೆ. ಆದರೆ ಕೊಡುವ ಮೊದಲು ಕತ್ತು ಚಾಚಿ ಹಿಂದಿನ ಗಾಲಿಗಳನ್ನು ನೋಡಲೇಬೇಕಿತ್ತು. ಒಂದು ಗಾಲಿ ತೂಕದ ಹಾಸಿನಿಂದ ಹೊರಗುಳಿದರೂ ತೂಕ ಸುಳ್ಳು. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರು ಹೇಳಿಕೊಟ್ಟಿದ್ದು ಇಷ್ಟೇ: "ಯಾರನ್ನೂ ನಂಬಬ್ಯಾಡಮ್ಮಾ. ಕಂಪ್ಯೂಟರ್ ನಂಬಬ್ಯಾಡ, ನನ್ನೂ ನಂಬಬ್ಯಾಡ."

ಅವರು ಕಂಪ್ಲಿಯವರು, ಐವತ್ತು ದಾಟಿದವರು, ಕೆಟ್ಟವರೇನಲ್ಲ. ಆದರೆ ಅದಿರಿನ ತೂಕದ ಮೋಸ ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು, ಕ್ಯಾಮೆರಾ ಹಿಡಿದವರು, ರಸ್ತೆಬದಿ ನಿಂತು ಏನಾದರೂ ಬರೆದುಕೊಳ್ಳುವವರು ಕಂಡರೆ ಅವರ ಮುಖ ಬಿಗಿಯುತ್ತಿತ್ತು. ನನಗೂ ಅದೇ ಅಭ್ಯಾಸವಾಗಿತ್ತು. ಬಸ್ಸಿನಲ್ಲಿ ಕಂಡಕ್ಟರ್ ನಕ್ಕು ಮಾತಾಡಿಸಿದರೂ ಯಾಕಿರಬಹುದು ಎಂದು ಯೋಚಿಸುತ್ತಿದ್ದೆ.

ನನ್ನ ಅಕ್ಕ, ಭಾವ ಹಂಪಿಯಲ್ಲಿ ನಾಲ್ಕು ಕೋಣೆಗಳ ಗೆಸ್ಟ್‌ಹೌಸ್ ನಡೆಸುತ್ತಿದ್ದರು. ಪ್ರವಾಸಿಗರು ಬಿಟ್ಟುಹೋದ ಪುಸ್ತಕಗಳು ಮೆಟ್ಟಿಲ ಕೆಳಗೆ ಬಿದ್ದಿರುತ್ತಿದ್ದವು. ಒಂದು ಭಾನುವಾರ ಅವುಗಳಲ್ಲಿ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿಯೊಂದು ಕೈಗೆ ಸಿಕ್ಕಿತು. ಒಳಪುಟದಲ್ಲಿ ಮೊದಲನೆಯ ಭಾಗ ಎಂದಿತ್ತು.

"ಓದ್ತೀ ಅಂದ್ರ ಒಯ್ಯಿ. ಇಲ್ಲಾಂದ್ರ ನೀರೊಲಿಗೆ ಹಾಕ್ತೀನಿ" ಎಂದಳು ಅಕ್ಕ.

ನನಗೆ ಮಾಯಾಮಂತ್ರದ ಕಥೆಗಳ ಮೇಲೆ ನಂಬಿಕೆ ಇರಲಿಲ್ಲ. ಕಷ್ಟ ಬಂದಾಗ ಲೇಖಕ ಒಂದು ಮಂತ್ರ ಹೇಳಿಸಿ ಪಾರು ಮಾಡಿಬಿಡುತ್ತಾನೆ, ಅದು ಮೋಸ ಎಂದೇ ಅನಿಸುತ್ತಿತ್ತು. ಆದರೂ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಲಾರಿಗಳ ನಡುವಿನ ಬಿಡುವಿನಲ್ಲಿ ಓದಲು ಶುರುಮಾಡಿದೆ.

ಆ ಕಾದಂಬರಿಯ ಮಂತ್ರವಿದ್ಯೆ ಬೇರೆಯೇ ಥರದ್ದು. ಯಾವ ವಸ್ತುವಿನ ಭಾರವನ್ನಾದರೂ ತೆಗೆಯಬಹುದು, ಆದರೆ ಅಳಿಸಲಾಗದು. ತೆಗೆದ ಭಾರ ಒಪ್ಪಿಕೊಂಡ ಇನ್ನೊಬ್ಬರ ಮೈಮೇಲೆ ಹೋಗಿ ಕೂರುತ್ತದೆ. ಗಂಟೆ ಎರಕ ಹೊಯ್ಯುವವನ ಮಗಳು ಹೊಳೆಯಲ್ಲಿ ಮುಳುಗಿದ ದೊಡ್ಡ ಗಂಟೆಯನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ. ಅದೇ ಹೊತ್ತಿಗೆ ಮನೆಯಲ್ಲಿ ಕಾಳು ಬಿಡಿಸುತ್ತಿದ್ದ ಅವಳ ಅಜ್ಜಿಗೆ ಕೂತಲ್ಲಿಂದ ಏಳಲಾಗುವುದಿಲ್ಲ. ಅದನ್ನು ಓದಿದಾಗ ನಾನು ಪರದೆ ನೋಡುವುದನ್ನೇ ಮರೆತೆ. ಹೊರಗೆ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.

ಖುಷಿಯಾದಷ್ಟೇ ಅನುಮಾನವೂ ಹೆಚ್ಚಿತು. ಈ ಲೇಖಕ ಎಲ್ಲೋ ಒಂದು ಕಡೆ ತೂಕ ತಪ್ಪಿಸಿಯೇ ತಪ್ಪಿಸುತ್ತಾನೆ, ಹಿಡಿಯಬೇಕು ಎಂದು ಒಂದು ನೋಟ್‌ಬುಕ್ ಇಟ್ಟೆ. ಹುಡುಗಿ ಕಾವಲಿನವನ ಎದುರೇ ಮೈ ಹಗುರ ಮಾಡಿಕೊಂಡು ಕೋಟೆಗೋಡೆ ಹಾರಿದ ಅಧ್ಯಾಯ ಮುಗಿದಾಗ ಲೇಖಕ ಸಿಕ್ಕಿಬಿದ್ದ ಅನಿಸಿತು. ಅವಳ ಭಾರ ಯಾರ ಮೇಲೂ ಹೋಗಿರಲಿಲ್ಲ. ಹೀಗೆ ಬರೆದೆ: "ಈ ಕಡೆ ಹಗುರ, ಆ ಕಡೆ ಭಾರ. ನಡುವೆ ಎಲ್ಲಿ ಹೋಯಿತು? ಕಾವಲಿನವನಿಗೆ ಗೊತ್ತಿರಬೇಕು."

ಆ ಪುಟ ಮ್ಯಾನೇಜರ ಕಣ್ಣಿಗೆ ಬಿತ್ತು. ಅವರು ಬೆನ್ನ ಹಿಂದೆ ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಏನ್ ಬರಿತೀಯಮ್ಮಾ ದಿನಾ?"

"ಕಥೀ ಬಗ್ಗೆ ಸರ್. ಈ ಪುಸ್ತಕದ್ದು."

"ಕಥೀಗೆ ಭಾರ ಯಾಕ ಬೇಕಾತು? ಕಾವಲಿನವ ಅಂದ್ರ ಯಾರು, ನಮ್ಮ ಗೇಟಿನವನೇನು?"

ನಾನು ವಿವರಿಸಿದಷ್ಟೂ ಅದು ಕಟ್ಟುಕಥೆಯ ಹಾಗೆ ಕೇಳಿಸುತ್ತಿತ್ತು. ಗಂಟೆ, ಅಜ್ಜಿ, ಕೋಟೆ. ಅವರು ನೋಟ್‌ಬುಕ್ಕನ್ನೂ ಪುಸ್ತಕವನ್ನೂ ತೆಗೆದುಕೊಂಡು, "ಎರಡ್ಮೂರು ದಿನ ಮನ್ಯಾಗ ಇರು. ಹೇಳಿ ಕಳಸ್ತೀನಿ" ಎಂದರು.

ಮೂರು ದಿನ ಮನೆಯಲ್ಲಿ ಕೂತೆ. ನಮ್ಮ ಓಣಿಯ ತುದಿಯಲ್ಲಿ ಒಬ್ಬ ಬೈಕ್ ನಿಲ್ಲಿಸಿಕೊಂಡು ನಿಂತಿರುತ್ತಿದ್ದ. ನನ್ನನ್ನು ಕಾಯಲು ಬಂದವನೇ ಎಂದುಕೊಂಡು ನಾನು ಅಂಗಡಿಗೂ ಹೋಗಲಿಲ್ಲ. ಅವನು ಪಕ್ಕದ ಮನೆಗೆ ಬಣ್ಣ ಹೊಡೆಯಲು ಬಂದವನೆಂದು ಆಮೇಲೆ ತಿಳಿಯಿತು. ಕೆಲಸ ಹೋದೀತೆಂಬ ಭಯ ಇದ್ದೇ ಇತ್ತು. ಅದರ ನಡುವೆಯೂ ಹುಡುಗಿ ಗೋಡೆಯಾಚೆ ಏನಾದಳೋ ಎಂಬ ಯೋಚನೆ ಬರುತ್ತಿತ್ತು. ಹೇಳಿಕೊಂಡಿದ್ದರೆ ಅಮ್ಮ ಬೈಯುತ್ತಿದ್ದಳು.

ನಾಲ್ಕನೆಯ ದಿನ ಕರೆ ಬಂತು. ಮ್ಯಾನೇಜರು ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು.

"ಕುಂದ್ರು. ನನ್ನ ಮಗಳು ಬಳ್ಳಾರ್‍ಯಾಗ ಇಂಜಿನಿಯರಿಂಗ್ ಓದ್ತಾಳ. ರಜಾಕ್ಕ ಬಂದಾಳ. ಆಕಿಗೆ ಕೊಟ್ಟು ಓದ್ಸಿದೆ. ನೀ ಬರದಿದ್ದೆಲ್ಲಾ ಪುಸ್ತಕದಾಗಿಂದ ಐತಿ ಅಂದ್ಲು." ಎರಡನ್ನೂ ನನ್ನ ಕಡೆ ಸರಿಸುತ್ತ ಕೇಳಿದರು: "ಆದ್ರ ಆ ಕಾವಲಿನವ, ಅವನ ನೌಕರಿ ಉಳೀತೇನು?"

"ನಾ ಅಲ್ಲಿಗೆ ಇನ್ನೂ ಮುಟ್ಟಿಲ್ಲ ಸರ್."

"ಮುಟ್ಟಿದ ಮ್ಯಾಲೆ ಹೇಳು."

ನೋಟ್‌ಬುಕ್ ತೆರೆದರೆ ನನ್ನ ಪ್ರಶ್ನೆಗಳ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳು. ಗೋಡೆಯ ಪ್ರಶ್ನೆಗೆ, "ಅವಸರ ಬೇಡ, ಕಾವಲಿನವನು ಹಿಂದೆ ಕುಡಿದ ಲೋಟ ಯಾರದು ನೋಡಿ" ಎಂದಿತ್ತು. ಇನ್ನೊಂದಕ್ಕೆ, "ಇದು ನನಗೂ ತಿಳಿಯಲಿಲ್ಲ" ಎಂದಿತ್ತು. ನಿಜವಾಗಿ ಮಗಳೇ ಬರೆದದ್ದೋ, ನನ್ನ ಬಾಯಿಬಿಡಿಸಲು ಇವರೇ ಬರೆದದ್ದೋ ಎಂದು ನಾನು ಆ ಅಕ್ಷರಗಳನ್ನು ಅವರ ರಿಜಿಸ್ಟರಿನ ಕೈಬರಹದ ಜೊತೆ ಹೋಲಿಸಿ ನೋಡಿದೆ. ಎರಡೂ ಬೇರೆ.

ಮ್ಯಾನೇಜರ ಮಗಳು ಬರೆದದ್ದು ಸರಿಯಿತ್ತು. ಕಾವಲಿನವನು ಹಿಂದೊಮ್ಮೆ ಕಥೆಯ ಹುಡುಗಿ ಕೊಟ್ಟ ಲೋಟದ ನೀರು ಕುಡಿದಿದ್ದ. ಅವಳ ಊರಿನಲ್ಲಿ ಹಾಗೆ ಕುಡಿದರೆ ಭಾರ ಹೊರಲು ಒಪ್ಪಿದಂತೆ. ಗೋಡೆ ಹಾರಿದ ಹೊತ್ತಿಗೆ ಅವನಿಗೆ ಕತ್ತಿ ಎತ್ತಲಾಗಿರಲಿಲ್ಲ, ಪಾಪ, ಯಾಕೆಂದು ಅವನಿಗೂ ತಿಳಿದಿರಲಿಲ್ಲ. ಇದೆಲ್ಲ ನಾನು ಮೊದಲೇ ಓದಿದ್ದ ಪುಟಗಳಲ್ಲಿ ಕಣ್ಣೆದುರಿಗೇ ಇತ್ತು. ಬಸ್ಸಿನಲ್ಲಿ ನಿಂತುಕೊಂಡೇ ಅದನ್ನು ಮತ್ತೆ ಓದಿದ ನಾನು ನನ್ನ ಸ್ಟಾಪು ದಾಟಿ ಹೋಗಿದ್ದೆ. ಇಷ್ಟು ದಿನ ಅನುಮಾನಪಟ್ಟದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ. ಅನುಮಾನಪಟ್ಟೇ ಓದಿದ್ದರಿಂದ ಅಷ್ಟು ರುಚಿ ಸಿಕ್ಕಿತು.

ಕಾವಲಿನವನ ನೌಕರಿ ಹೋಯಿತೆಂದು ಮ್ಯಾನೇಜರಿಗೆ ಹೇಳಿದೆ. "ಹೋಗೇ ಹೋಗತೈತಿ" ಎಂದರು, ಬೇಸರದಿಂದ.

ಆಮೇಲೆ ಅವರ ಮಗಳು ಕಾದಂಬರಿಯ ಎರಡನೆಯ ಭಾಗ ಎಲ್ಲಿಂದಲೋ ಹುಡುಕಿ ತಂದಳು. ನೋಟ್‌ಬುಕ್ ನಮ್ಮಿಬ್ಬರ ನಡುವೆ ಅವಳಪ್ಪನ ಚೀಲದಲ್ಲೇ ಓಡಾಡಿತು. ಪ್ರತಿ ಸಲ ಕೊಡುವ ಮೊದಲು ಅವರು ಕನ್ನಡಕ ಏರಿಸಿ ಹೊಸ ಪುಟಗಳನ್ನೆಲ್ಲ ಓದುತ್ತಿದ್ದರು. ಮರುವರ್ಷ ನಾನು ಆ ಕೆಲಸ ಬಿಡುವವರೆಗೂ ಅದು ನಿಲ್ಲಲಿಲ್ಲ. ನಮ್ಮ ಮೇಲೆ ಕಣ್ಣಿಡಲು ಓದುತ್ತಿದ್ದರೋ, ಕಥೆ ಮುಂದೇನಾಯಿತೆಂದು ತಿಳಿಯಲು ಓದುತ್ತಿದ್ದರೋ ನಾನು ಕೇಳಲಿಲ್ಲ.