ಮಂಜಿನಲ್ಲಿ ಕೇಳಿದ ನನ್ನದೇ ವಾದ

ಬೆಳಗಿನ ಅಂಬಲಿ ಆರುವಷ್ಟರಲ್ಲಿ ಒಂದು ವಾದವನ್ನು ಮುಗಿಸಿ ಕೈತೊಳೆದುಕೊಳ್ಳುವ ಅಭ್ಯಾಸ ನನಗೆ ಬಹಳ ದಿನವಿತ್ತು. ಹೊಸೂರಿನ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಕುಂದು ಹುಡುಕುವುದು ನನ್ನ ಕೆಲಸ. ಅದೇ ಕಣ್ಣನ್ನು ಮನೆಗೂ ತಂದು ಅನ್ಯರ ನಂಬಿಕೆಗಳ ಮೇಲೆ ಹಾಯಿಸುತ್ತಿದ್ದೆನೆಂದು ಕಾಣುತ್ತದೆ. ಕ್ರೈಸ್ತನಾದವನು ಧರ್ಮದ ಚರ್ಚೆಗೆ ಇಳಿಯಬೇಕೇ ಎಂದು ನಮ್ಮ ಚರ್ಚಿನ ಸಭೆಯಲ್ಲಿ ಆಗಾಗ ಮಾತು ಏಳುತ್ತಿತ್ತು. ನೆಟ್ಟಗೆ ಬಾಳಿ ತೋರಿಸಿದರೆ ಸಾಕು ಎನ್ನುವವರು ಕೆಲವರು. ಕೇಳಿದವರಿಗೆ ಉತ್ತರ ಕೊಡದಿರುವುದೂ ಪ್ರೀತಿಯ ಕೊರತೆಯೇ ಎನ್ನುವವನು ನಾನು. ಆ ಮಾತು ತಪ್ಪೆಂದು ಈಗಲೂ ನನಗನ್ನಿಸುವುದಿಲ್ಲ. ಆದರೆ ಮಿತ್ರರೇ, ನಡೆದದ್ದನ್ನು ನಿಮಗೆ ಹೇಳಬೇಕು.

ಮುನಿರಾಜು ಸಿಕ್ಕಿದ್ದು ರಾಯಕೋಟೆಯ ಸಂತೆಯಲ್ಲಿ. ಅಂಚೆಟ್ಟಿಯಾಚೆಗಿನ ಕಾಡಂಚಿನ ಹಳ್ಳಿಯವರು. ರಾಗಿ, ಹುರುಳಿ ಬೆಳೆದುಕೊಂಡು, ಊರಿನ ಭಜನೆಗೆ ತಾಳ ಹಾಕಿಕೊಂಡು ಇದ್ದವರು. ನಾನು ಕೊಟ್ಟ ಕರಪತ್ರವನ್ನು ಮಡಿಚಿ ಎಸೆಯದೆ ನಿಂತಲ್ಲೇ ಪೂರ್ತಿ ಓದಿ, ಇದರಲ್ಲಿ ಎರಡು ಮಾತು ತಮಗೆ ಒಪ್ಪಿಗೆಯಿಲ್ಲವೆಂದರು. ಅಷ್ಟು ಸಾಕಾಯಿತು. ನಂಬರು ಬದಲಾಯಿಸಿಕೊಂಡೆವು. ಅಂದಿನಿಂದ ಒಂದು ವರ್ಷಕ್ಕೂ ಮಿಕ್ಕಿ ಫೋನಿನಲ್ಲಿ ದನಿ ಮುದ್ರಿಸಿ ಕಳಿಸುತ್ತ ಇಬ್ಬರೂ ಜಗ್ಗಾಡಿದೆವು: ಕರ್ಮ, ಕೃಪೆ, ಪುನರ್ಜನ್ಮ, ಪುನರುತ್ಥಾನ. ಅವರು ನಗುತ್ತ ವಾದಿಸುತ್ತಿದ್ದರು, ನಾನು ಗೆಲ್ಲುವುದಕ್ಕಾಗಿ. ಸಮಯ ಉಳಿಯಲೆಂದು ಅವರ ಮಾತನ್ನು ಯಾವಾಗಲೂ ಎರಡುಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಿದ್ದೆ.

ಒಮ್ಮೆ ಅವರ ಪ್ರಶ್ನೆಯೊಂದಕ್ಕೆ ಪುನರ್ಜನ್ಮದ ಬಗ್ಗೆ ಹತ್ತು ನಿಮಿಷದ ಉತ್ತರವೊಂದನ್ನು ಕಳಿಸಿದೆ. ಅದಕ್ಕೆ ಮರುಮಾತು ಬರಲಿಲ್ಲ. ವಾರ ಕಳೆಯಿತು, ತಿಂಗಳೂ ಕಳೆಯಿತು. ಗೆದ್ದೆ ಎಂದುಕೊಂಡೆ. ಮೂರನೆಯ ತಿಂಗಳು, ಗೆದ್ದವನ ಔದಾರ್ಯವೆಂಬುದು ಒಂದಿರುತ್ತದಲ್ಲ, ಅದನ್ನು ಹೊತ್ತು ಅವರನ್ನು ಕಾಣಲು ಹೊರಟೆ.

ಅಂಚೆಟ್ಟಿಯ ಮುಂದೆ ಬಸ್ಸು ಇಳಿಸಿದಾಗ ಬೆಳಗಿನ ಎಂಟು ಗಂಟೆ. ಗುಡ್ಡದ ಮೇಲಿಂದ ಇಳಿದ ಮಂಜು ಹೊಲ, ಬೇಲಿ, ದಾರಿ ಎಲ್ಲವನ್ನೂ ನುಂಗಿತ್ತು. ಆನೆ ಇಳಿದಿರಬಹುದೆಂದು ಕಂಡಕ್ಟರು ಎಚ್ಚರಿಸಿದ್ದರಿಂದ ಕಿವಿಯನ್ನು ಮುಂದಿಟ್ಟುಕೊಂಡು ನಡೆದೆ. ಹಕ್ಕಿಯ ಸದ್ದೂ ಇರಲಿಲ್ಲ. ಒಂದು ತಿರುವಿನಲ್ಲಿ ಯಾರೋ ಮಾತಾಡುವುದು ಕೇಳಿಸಿತು. ಧೈರ್ಯ ಬಂದು ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟೆ. ಆ ದನಿ ನನ್ನದು.

ಹೌದು, ನನ್ನದೇ. ಮಾತಿನ ನಡುವೆ ಗಂಟಲು ಸರಿಪಡಿಸಿಕೊಳ್ಳುವ ನನ್ನ ಅಭ್ಯಾಸವೂ ಅದರಲ್ಲಿತ್ತು. ಕಾಣದ ಒಬ್ಬ ನಾನು, ನನಗಿಂತ ಮೊದಲೇ ಅಲ್ಲಿಗೆ ಹೋಗಿ, ಬಿಳಿಯ ಆ ಶೂನ್ಯದೊಳಗೆ ಯಾರನ್ನೋ ಸೋಲಿಸುತ್ತಿದ್ದ. ಎಷ್ಟು ತಣ್ಣಗಿತ್ತು ಆ ದನಿ! ಅದು ನಿಂತಿತು, ಬೆನ್ನಿಗೇ ಮುನಿರಾಜುವಿನ ನಗು ಕೇಳಿಸಿತು. ಸದ್ಯ, ಮನುಷ್ಯ ಇದ್ದಾರೆ ಎಂದುಕೊಂಡು ನಗು ಬಂದ ಕಡೆಗೆ ಬೇಗಬೇಗ ನಡೆದೆ.

ಹೆಂಚಿನ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಹುರುಳಿ ಹಸನು ಮಾಡುತ್ತ ಕುಳಿತಿದ್ದರು. ಚೊಂಬಿಗೆ ಒರಗಿಸಿಟ್ಟ ಫೋನು ಮಾತಾಡುತ್ತಿತ್ತು. ಬೇರೆ ಯಾರೂ ಇರಲಿಲ್ಲ. ನಾನು ಹೆಸರು ಹೇಳುವ ಮೊದಲೇ, ನಮಸ್ಕಾರ ಎಂದ ನನ್ನ ದನಿಗೆ ಅವರು ತಲೆಯೆತ್ತಿದರು.

“ಜೇಮ್ಸಣ್ಣ ಅಲ್ವಾ? ಅವ್ರು ಹೋಗಿ ಮೂರು ತಿಂಗಳಾಗ್ತಾ ಬಂತು,” ಎಂದರು ಮುನಿರಾಜುವಿನ ಹೆಂಡತಿ ಗೌರಮ್ಮ.

ಎದೆಯ ಕಾಯಿಲೆಯಂತೆ. ಕೃಷ್ಣಗಿರಿಯ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನಾಲ್ಕು ದಿನ ಇದ್ದರಂತೆ. ಗಂಡನ ದನಿ ಬೇಕೆನಿಸಿದಾಗ ಫೋನು ಹಚ್ಚುತ್ತಾರೆ. ನನ್ನ ಮಾತನ್ನೇಕೆ ಕೇಳುತ್ತೀರಿ ಎಂದೆ.

“ನಿಮ್ದು ಬುಟ್ಟು ಅವ್ರ್ದೊಂದೇ ಕೇಳಾಕೆ ನಂಗೆ ಬರಲ್ಲಣ್ಣ. ಒಂದು ಮುಗುದ್ರೆ ಇನ್ನೊಂದು ತಾನಾಗೇ ಬತ್ತದೆ.”

ಮಾತು ಮುಗಿಯುವುದರೊಳಗೆ ಮುನಿರಾಜು ಕಳಿಸಿದ ಕಡೆಯ ಸಂದೇಶ ತಾನಾಗಿ ಬಂತು. ಅದನ್ನು ಸಹಜ ವೇಗದಲ್ಲಿ ನಾನು ಕೇಳಿದ್ದು ಅದೇ ಮೊದಲು. “ಜೇಮ್ಸಣ್ಣ... ಸತ್ ಮ್ಯಾಲೆ ಮನ್ಸ... ಒಬ್ನೇ ಇರ್ತಾನಾ? ನಿಮ್ಮೋರು... ಏನಂತಾರೆ?” ಪದಪದದ ನಡುವೆಯೂ ಉಸಿರು ಕೆರೆದು ಮೇಲೆ ಬರುವ ಸದ್ದು. ಎರಡುಪಟ್ಟು ವೇಗದಲ್ಲಿ ಆ ಸದ್ದು ನನಗೆ ಕೇಳಿಸಿರಲೇ ಇಲ್ಲ; ಪ್ರಶ್ನೆ ಮಾತ್ರ ಕೇಳಿಸಿತ್ತು, ಅದೂ ಸವಾಲಾಗಿ. ಅದರ ಹಿಂದೆಯೇ ನನ್ನ ಹತ್ತು ನಿಮಿಷ ಶುರುವಾಯಿತು. ನಿಲ್ಲಿಸಿ ಎಂದು ಬೇಡಿಕೊಂಡೆ.

ಗೌರಮ್ಮ ನನ್ನನ್ನು ದೂರಲಿಲ್ಲ. ಅಂದು ಮುನಿರಾಜು ನನ್ನ ಉತ್ತರವನ್ನು ಪೂರ್ತಿ ಕೇಳಿ, ಇವನು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ ಎಂದು ಗೋಡೆಗೆ ತಿರುಗಿ ಮಲಗಿದರೆಂದಷ್ಟೇ ಹೇಳಿದರು. ಆಮೇಲೆ, “ಅವ್ರು ಕೇಳಿದ್ಕೆ ಈಗ್ಲಾದ್ರೂ ಯೋಳಿ,” ಎಂದರು.

ಜಗಲಿಯ ತುದಿಯಲ್ಲಿ ಕುಳಿತು ನನ್ನ ಫೋನನ್ನು ಬಾಯಿಯ ಬಳಿ ಹಿಡಿದೆ. ತರ್ಕವೊಂದೂ ನೆನಪಾಗಲಿಲ್ಲ. “ಮುನಿರಾಜಣ್ಣ, ಒಬ್ರೇ ಇರಲ್ಲ ಅಂತ ನಾನು ನಂಬೀನಿ. ಆದ್ರೂ ನಂಗೂ ಭಯ ಐತೆ. ಬತ್ತೀನಿ, ಕೂತ್ಕಂಡು ಮಾತಾಡಾನ.”

ಕಳಿಸಿದೆ. ಚೊಂಬಿನ ಪಕ್ಕದ ಮುನಿರಾಜುವಿನ ಫೋನು ಟಿಣ್ ಎಂದಿತು. ಬತ್ತೀನಿ ಎಂದು ನಾನು ಯಾರಿಗೆ ಹೇಳಿದೆ, ಎಲ್ಲಿಗೆ ಎಂದು ಆಗ ಹೊಳೆಯಿತು. ಗೌರಮ್ಮ ಮಂಜಿನ ಕಡೆ ನೋಡುತ್ತಿದ್ದರು, ಅತ್ತಲಿಂದ ಯಾರೋ ನಡೆದು ಬರುತ್ತಿರುವಂತೆ.

ನಡುವಿನದನ್ನು ಅಳಿಸಲಾಗುತ್ತದೆಯೇ ಎಂದು ಕೇಳಿದರು. ಅವರ ಫೋನಿನಿಂದ ಆ ಹತ್ತು ನಿಮಿಷವನ್ನು ತೆಗೆದೆ. ಮತ್ತೆ ಹಚ್ಚಿ ಕೇಳಿದರು: ಏದುಸಿರಿನ ಪ್ರಶ್ನೆ, ಅದರ ಬೆನ್ನಿಗೇ, ಎಡೆಯಿಲ್ಲದೆ, ನನ್ನ ನಡುಗುವ ಉತ್ತರ. ಮೂರು ತಿಂಗಳು ತಡವಾದದ್ದೆಂದು ಕೇಳಿದವರಿಗೆ ಗೊತ್ತಾಗುವಂತಿರಲಿಲ್ಲ.

ಈಗಲೂ ಯಾರಾದರೂ ಕೇಳಿದರೆ ನನ್ನ ನಂಬಿಕೆಗೆ ಕಾರಣ ಹೇಳುತ್ತೇನೆ, ಬೇಕಾದರೆ ವಾದಿಸುತ್ತೇನೆ. ಆದರೆ ಕೇಳಿದವರ ಉಸಿರು ಕೇಳಿಸುವಷ್ಟು ಹತ್ತಿರ ಕುಳಿತು. ನನ್ನ ಫೋನಿನಲ್ಲಿ ಮಾತ್ರ ಆ ಹತ್ತು ನಿಮಿಷ ಹಾಗೇ ಇದೆ. ಅದನ್ನು ಮತ್ತೆ ಕೇಳಿಲ್ಲ, ಅಳಿಸಿಯೂ ಇಲ್ಲ.