ಲೆಂಪಿಗಾಗಿ ಹಾಕಿದ ಹಲಗೆ

ಎಯ್ನೋ ಲಾಹ್ತಿನೆನ್ ಮೂವತ್ತೊಂದು ವರ್ಷ ತಾಮ್ರದ ಗಣಿಯೊಳಗೆ ಮರದ ಕಂಬ ನಿಲ್ಲಿಸಿದವನು. ಅವನು ನಿಲ್ಲಿಸಿದ ಕಂಬ ಒಂದೂ ಕುಸಿಯಲಿಲ್ಲ. ಈ ಮಾತನ್ನು ಅವನೇ ಹೇಳಿಕೊಳ್ಳುತ್ತಿದ್ದ, ನಾವೂ ತಲೆಯಾಡಿಸುತ್ತಿದ್ದೆವು. ಅವನ ಕಂಬಗಳ ಕೆಳಗೆ ಕೂತು ಬುತ್ತಿ ಉಂಡವರಲ್ಲಿ ನಾನೂ ಒಬ್ಬ. ಗಣಿ ಮುಚ್ಚಿದ ಮೇಲೆ ಇಬ್ಬರೂ ಹ್ಯಾನ್‌ಕಾಕ್ ಊರಿನ ಹಿಂದಿನ ದಿಬ್ಬದಲ್ಲಿ ನೆಲೆಯಾದೆವು. ನನ್ನ ಮನೆಗೂ ಅವನ ಮನೆಗೂ ನಡುವೆ ಆಲೂಗಡ್ಡೆ ಬೆಳೆಯುವ ಒಂದು ತುಂಡು ಹೊಲ.

ಆ ವರ್ಷ ಫೆಬ್ರವರಿಯಲ್ಲಿ ಅವನ ಹೆಂಡತಿ ಲೆಂಪಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಆ ಬದಿ ಚಿವುಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ನಾಲಗೆಗೆ ಮಾತ್ರ ಏನೂ ಆಗಲಿಲ್ಲ.

ಶನಿವಾರ ಸಂಜೆ ಹಿತ್ತಿಲ ಹಬೆಮನೆಯಿಂದ ಹೊಗೆ ಏಳದಿದ್ದರೆ ಫಿನ್ಲೆಂಡಿನಿಂದ ವಲಸೆ ಬಂದ ನಮ್ಮ ಫಿನ್ನರ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಕಾದ ಕಲ್ಲಿನ ಮೇಲೆ ನೀರು ಚೆಲ್ಲಿ, ಏಳುವ ಹಬೆಯಲ್ಲಿ ಬೆವರುವುದು ನಮಗೆ ಸ್ನಾನವಷ್ಟೇ ಅಲ್ಲ. ಲೆಂಪಿ ಹುಟ್ಟಿದ್ದೇ ಅವಳಪ್ಪನ ಹಬೆಮನೆಯ ನೆಲದ ಮೇಲೆ. ಅಂಥವಳು ಎಂಟು ತಿಂಗಳು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಕಳೆದಳು. ಅವಳಿಲ್ಲದೆ ಎಯ್ನೋ ಹಬೆಮನೆಯ ಒಲೆ ಹೊತ್ತಿಸಲೇ ಇಲ್ಲ.

ಅಕ್ಟೋಬರಿನ ಒಂದು ಗುರುವಾರ ಅವಳು ಹೇಳಿದಳಂತೆ: "ಈ ಶನಿವಾರ ನನ್ನನ್ನ ಹಬೆಗೆ ಕೂರಿಸು. ಆಗಲ್ಲ ಅಂದ್ರೆ ಅನ್ನು. ಇನ್ನೊಂದ್ಸಲ ಕೇಳಲ್ಲ."

ಆ ಕೊನೆಯ ಮಾತಿಗೆ ಎಯ್ನೋ ಹೆದರಿದ. ಐವತ್ತು ವರ್ಷ ಒಂದೊಂದನ್ನೂ ನೂರು ಸಲ ಕೇಳಿ ಮಾಡಿಸಿಕೊಂಡವಳು ಅವಳು.

ಶನಿವಾರ ಬೆಳಿಗ್ಗೆ ನನ್ನ ಬಾಗಿಲು ಬಡಿದ. ಹಬೆಮನೆಯಲ್ಲಿ ಕೂರುವ ಅಟ್ಟಣೆ ಎದೆಯೆತ್ತರದಲ್ಲಿತ್ತು; ಅವಳನ್ನು ಅಲ್ಲಿಗೆ ಹತ್ತಿಸುವಂತಿರಲಿಲ್ಲ. ಕೆಳಗೆ ಮೊಣಕಾಲೆತ್ತರಕ್ಕೆ ಹೊಸ ಹಲಗೆ ಹಾಕಬೇಕು, ಬಲಗೈಗೆ ಸಿಗುವಂತೆ ಗೋಡೆಗೆ ಹಿಡಿಮರ ಕೂರಿಸಬೇಕು, ಹೊಸ್ತಿಲು ಕೆತ್ತಿ ತಗ್ಗಿಸಬೇಕು. ಎಲ್ಲ ಸಂಜೆಯೊಳಗೆ.

ಮೊದಲು ಮರ ಕೊಯ್ಯುವ ಕಾರ್ಖಾನೆಗೆ ಹೋಗಿ ಸೀಡರ್ ಹಲಗೆ ಆರಿಸಿದೆವು. ಎಯ್ನೋ ಒಂದೊಂದನ್ನೂ ಕೆನ್ನೆಗೆ ಸವರಿ ನೋಡಿ, ಗಂಟಿದ್ದುದನ್ನೆಲ್ಲ ಪಕ್ಕಕ್ಕೆ ತಳ್ಳಿದ. ಆಮೇಲೆ ಮೊಳೆಗೆಂದು ರೂಡಿಯ ಅಂಗಡಿ.

"ಡಾಕ್ಟರು ಒಪ್ಪಿದ್ರೇನೋ?" ಎಂದ, ವಿಷಯ ತಿಳಿದ ರೂಡಿ.

"ಕೇಳಿದ್ರೆ ತಾನೆ ಅವರು ಬೇಡ ಅನ್ನೋದು?"

"ಲೆಂಪಿಯಕ್ಕನಿಗೆ ಏನಾದ್ರೂ ಆದ್ರೆ?"

"ಈಗೇನು ಆಗದೇ ಉಳಿದಿದೆಯಾ?" ಎಂದು ಎಯ್ನೋ ಮೊಳೆಯ ಪೊಟ್ಟಣ ಜೇಬಿಗೆ ಹಾಕಿಕೊಂಡ. ರೂಡಿ ಎರಡು ಹಿಡಿಮರದ ಕೊಂಡಿಗಳನ್ನೂ ತಂದು ಮುಂದಿಟ್ಟ.

ಬೇಕರಿಯಲ್ಲಿ ಏಲಕ್ಕಿ ಬ್ರೆಡ್ಡು ಕೊಂಡು ಮನೆಗೆ ಬಂದು ಕೆಲಸಕ್ಕೆ ಕೂತೆವು. ಕೂರುವ ಹಲಗೆಗೆ ಮೇಲಿನಿಂದ ಮೊಳೆ ಹೊಡೆಯುವ ಬಡಗಿ ನಮ್ಮಲ್ಲಿಲ್ಲ. ಹಬೆಗೆ ಮರ ಕಾದರೆ ಮೈ ತಡೆದೀತು, ಮೊಳೆಯ ತಲೆ ಕಾದರೆ ಬರೆ ಎಳೆದ ಹಾಗೆ. ಅದಕ್ಕೇ ಅಂಗಾತ ಮಲಗಿ ಅಡಿಯಿಂದ ಹೊಡೆಯುವುದು. ಎಯ್ನೋನ ಭುಜ ಮೊದಲಿನಂತಿರಲಿಲ್ಲ. ಹಲಗೆ ಜರುಗದಿರಲೆಂದು ಮೇಲಿನಿಂದ ನಾಲ್ಕು ಮೊಳೆ ಹೊಡೆದು ನಿಲ್ಲಿಸಿ, ಅಡಿಯ ಕೆಲಸ ಮುಗಿದ ಮೇಲೆ ಕೀಳುತ್ತೇನೆಂದ. ನಾನು ಹೊಸ್ತಿಲ ಕಡೆ ಹೋದೆ.

ಅಡುಗೆಮನೆಯ ಕಿಟಕಿಯಲ್ಲಿ ಲೆಂಪಿ ಕಪ್ಪಿಗೆ ಚಮಚ ಬಡಿಯುತ್ತಿದ್ದಳು. ಏನು ಬೇಕಾದರೂ ಅದೇ ಗಂಟೆ. ಆ ಹೊತ್ತಿಗೆ ಅವನು ನಾಲ್ಕು ಸಲ ಓಡಿಹೋಗಿ ಬಂದಿದ್ದ. ಐದನೆಯ ಸಲ ಇಕ್ಕಳ ಅಲ್ಲೇ ಇಟ್ಟು ಹೋದ. ಈ ಸಲ ಕರೆದದ್ದು ಕಾಫಿಗೆ.

"ಮುದುಕಾ, ನಿನ್ನ ಹಲಗೆ ಎಲ್ಲಿಗೂ ಓಡಿಹೋಗಲ್ಲ. ಕಾಫಿ ಆರುತ್ತೆ. ವಿಲ್ಹೋ, ನೀನೂ ಬಾಪ್ಪ. ಇವನ ಜೊತೆ ಸೇರಿ ನೀನೂ ಹಸಿದು ಸಾಯಬೇಡ," ಎಂದು ನನ್ನನ್ನೂ ಕರೆದಳು.

ಮೂವರೂ ಹಲ್ಲಿನ ನಡುವೆ ಸಕ್ಕರೆಯ ತುಂಡು ಕಚ್ಚಿಕೊಂಡು ಕಾಫಿ ಹೀರಿದೆವು. ಹಬೆಯಲ್ಲಿ ಮೈಗೆ ಬಡಿದುಕೊಳ್ಳಲೆಂದು ಬೇಸಿಗೆಯಲ್ಲಿ ಒಣಗಿಸಿಟ್ಟಿದ್ದ ಬರ್ಚ್ ಮರದ ಸೊಪ್ಪಿನ ಕಟ್ಟನ್ನು ಲೆಂಪಿ ಆಗಲೇ ನೀರಲ್ಲಿ ನೆನೆಹಾಕಿಸಿದ್ದಳು. ಮತ್ತೆ ಮತ್ತೆ ಅದನ್ನೆತ್ತಿ ಮೂಸುತ್ತಿದ್ದಳು. ಅವಳು ಅಷ್ಟು ಗೆಲುವಾಗಿದ್ದುದನ್ನು ನಾನು ಎಂಟು ತಿಂಗಳಿಂದ ಕಂಡಿರಲಿಲ್ಲ.

ನಾಲ್ಕಕ್ಕೆ ಒಲೆ ಹೊತ್ತಿಸಿದೆವು. ಆರಕ್ಕೆ ಕಲ್ಲು ಹದವಾಗಿ ಕಾದಿತ್ತು. ಒಲೆ ಕಾಯಿಸಿದವನು ಮೊದಲು ತಾನೊಬ್ಬನೇ ಹಬೆ ನೋಡಬೇಕು, ಅದು ನಮ್ಮ ರೂಢಿ. ಎಯ್ನೋ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ನಾನು ಹೊರಕೋಣೆಯಲ್ಲಿ ಕೂತಿದ್ದೆ. ಕಲ್ಲಿನ ಮೇಲೆ ನೀರು ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅವನು ಕೂಗಿದ.

"ಏನಯ್ಯಾ, ಕಾವು ಮರೆತೇ ಹೋಯ್ತಾ ನಿಂಗೆ?" ಎಂದು ನಾನು ನಕ್ಕೆ.

ಅವನು ಹೊರಗೆ ಬಂದು ತೊಡೆಯ ಹಿಂಬದಿ ತೋರಿಸಿದ. ಅಂಗಿಯ ಗುಂಡಿಯಷ್ಟು ಅಗಲದ ಕೆಂಪು ಬರೆ. ನಾಲ್ಕು ಮೊಳೆಯಲ್ಲಿ ಮೂರು ಕಿತ್ತಿದ್ದ. ನಾಲ್ಕನೆಯದನ್ನು ಕೀಳುವ ಮೊದಲು ಚಮಚ ಬಡಿದಿತ್ತು.

"ಸರಿಯಾಗಿ ಅವಳ ಎಡದೊಡೆ ಬರೋ ಜಾಗ," ಎಂದ. "ನಾನು ಎಗರಿ ಎದ್ದೆ. ಅವಳು ಏಳ್ತಿದ್ಲಾ, ವಿಲ್ಹೋ? ಮಾಂಸ ಬೇಯೋ ತನಕ ಹಾಯಾಗಿ ಕೂತಿರ್ತಿದ್ಲು."

ನನ್ನ ನಗು ಎಲ್ಲಿ ಹೋಯಿತೋ. ಅವನು ಇಕ್ಕಳ ಹಿಡಿದು ಒಳಗೆ ಹೋಗಿ ಆ ಮೊಳೆ ಕಿತ್ತು ತಂದ. ಹಲಗೆಯುದ್ದಕ್ಕೂ ಮೂರು ಸಲ ಅಂಗೈ ಎಳೆದು ನೋಡಿದ.

"ಬೆಂಕಿ ಆರಿಸು. ಇವತ್ತು ಬೇಡ. ಇನ್ನೂ ಏನೇನು ಮರೆತಿದ್ದೀನೋ."

"ಅವಳಿಗೇನಂತ ಹೇಳ್ತೀಯಾ?"

"ಒಲೆ ಹಿಡೀಲಿಲ್ಲ ಅಂತೀನಿ."

ಹೇಳಲು ಹೋದವನ ಹಿಂದೆಯೇ ನಾನೂ ಹೋದೆ. ಲೆಂಪಿ ನಿಲುವಂಗಿ ತೊಟ್ಟು, ಸೊಪ್ಪಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿನತ್ತ ಮುಖಮಾಡಿ ಕೂತಿದ್ದಳು. ಆ ಸುಳ್ಳು ಅವನ ಬಾಯಿಂದ ಹೊರಡಲಿಲ್ಲ.

"ಮೊಳೆ ಬಿಟ್ಟಿದ್ದೆ ಕಣೇ," ಎಂದ. "ಮೇಲ್ಗಡೆ. ನೀನು ಕೂರೋ ಕಡೆ."

ಎಯ್ನೋ ತನ್ನ ಕೆಲಸದಲ್ಲಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಈಗ ಕಿತ್ತೆಯಾ?" ಎಂದಳು ಲೆಂಪಿ.

"ಕಿತ್ತೆ."

"ಎಷ್ಟು ಸುಟ್ಟಿತು?"

"ಅಷ್ಟೇನಿಲ್ಲ."

"ನಿನ್ನ ಕೂಗು ಇಲ್ಲೀವರೆಗೂ ಕೇಳಿಸ್ತು, ಮುದುಕಾ. ಎತ್ತು ನನ್ನ. ಕಲ್ಲು ಆರುತ್ತೆ."

ಇಬ್ಬರೂ ಸೇರಿ ಅವಳನ್ನು ಹಿತ್ತಿಲು ದಾಟಿಸಿದೆವು. ತಗ್ಗಿಸಿದ ಹೊಸ್ತಿಲಿಗೆ ಅವಳ ಕಾಲು ತಾಗಲಿಲ್ಲ. ಎಯ್ನೋ ಹಲಗೆಯ ಮೇಲೆ ನಾಲ್ಕು ಮಡಿಕೆಯ ಟವೆಲ್ ಹಾಸಿ ಕೂರಿಸಿದ; ಅವಳ ಬಲಗೈ ಹಿಡಿಮರ ಹಿಡಿಯಿತು. ನಾನು ಬಾಗಿಲು ಎಳೆದು ಹೊರಕೋಣೆಗೆ ಬಂದೆ. ಮತ್ತೆ ಎತ್ತಲು ಬೇಕಾಗುತ್ತೇನೆಂದು ಅಲ್ಲೇ ಕಾದೆ. ಒಳಗಿನ ಮಾತು ಹಲಗೆಗೋಡೆಯಾಚೆಗೆ ಕೇಳುತ್ತಿತ್ತು.

"ಅಲ್ಯಾಕೆ ಮೂಲೇಲಿ ನಿಂತೆ?" ಲೆಂಪಿ ಕೇಳಿದಳು. "ಬಂದು ಈ ಕಡೆ ಕೂರು. ಎಡಕ್ಕೆ. ಇನ್ನೂ ಹತ್ರ. ತೋಳು ತಾಗಲಿ."

ಹಲಗೆ ಕಿರ್ರೆಂದಿತು.

"ಹಾಂ. ಈಗ ನೀರು ಹಾಕು. ಬಲಗಡೆಗೆ ಸಾಕಾದಾಗ ನಾನು ಹೇಳ್ತೀನಿ. ಈ ಕಡೆಗೆ ಸಾಕಾದಾಗ ನೀನು ಹೇಳು."

ಕಲ್ಲು ಚುಯ್ಯೆಂದಿತು. ಆಮೇಲೆ ಆಗಾಗ ನೀರು ಬಿದ್ದ ಸದ್ದಷ್ಟೇ. ಹಬೆಮನೆಯಲ್ಲಿ ನಾವು ಚರ್ಚಿನಲ್ಲಿ ಇದ್ದ ಹಾಗೆ ಇರುತ್ತೇವೆ. ಅವಳು ಅತ್ತಳೋ, ಅವನು ಅತ್ತನೋ ನಾನು ಹೇಳಲಾರೆ. ಬಾಗಿಲು ತೆರೆದಾಗ ಇಬ್ಬರ ಮುಖವೂ ಬೆವರಿನಿಂದ ತೊಯ್ದುಹೋಗಿತ್ತು.

"ಯಾರು ಮೊದಲು ಸಾಕು ಅಂದಿದ್ದು?" ಎಂದು ಕೇಳಿದೆ.

"ಇವನೇ," ಎಂದಳು ಲೆಂಪಿ. "ನಂಗೆ ಇನ್ನೂ ಬೇಕಾಗಿತ್ತು."