ತಾರಾಲಯದ ಬುಗುರಿ ಅಕ್ಕ

ಸೆಗಾವ ಮಿಸಾವೊಳನ್ನು ಆ ರೇವು ಪಟ್ಟಣದಲ್ಲಿ ಎಲ್ಲರೂ ಕರೆಯುತ್ತಿದ್ದುದು ಬುಗುರಿ ಅಕ್ಕ ಎಂದು. ಪ್ರೀತಿಯಿಂದ ಇಟ್ಟ ಹೆಸರಿರಬೇಕು ಎಂದುಕೊಳ್ಳುತ್ತಿದ್ದರು ಹೊಸಬರು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ! ಅದು ಅವಳ ಮುಖಕ್ಕೆ ಬಳಿದ ಮಸಿ. ಬಳಿದವರು ಬೇರೆ ಯಾರೂ ಅಲ್ಲ, ಅವಳಿಗೆ ಕೆಲಸ ಕಲಿಸಿದ ತ್ಸುಕುದಾ ಮೇಡಂ.

ತಾರಾಲಯದಲ್ಲಿ ಕತ್ತಲೆ ಮಾಡಿ ಆಕಾಶದ ಕತೆ ಹೇಳುವುದು ಇಬ್ಬರ ಕೆಲಸವೂ. ಅಲ್ಲಿ ಕಲಿಯುವವರು ಗುರುವಿನ ಎಡಕ್ಕೆ ಕೂತು, ಗುರು ಹೇಳಿದ್ದನ್ನೇ ಗುರುವಿನ ದನಿಯಲ್ಲೇ ಹೇಳುತ್ತಾ ಕಲಿಯಬೇಕು. ಮಿಸಾವೊ ಎಷ್ಟು ಚೆನ್ನಾಗಿ ಕಲಿತಳೆಂದರೆ, ಕತ್ತಲಲ್ಲಿ ಯಾರು ಮಾತಾಡುತ್ತಿದ್ದಾರೆಂದು ಟಿಕೆಟ್ ಹರಿಯುವವನಿಗೂ ತಿಳಿಯುತ್ತಿರಲಿಲ್ಲ. ಆ ಜಾಣತನವೇ ಅವಳಿಗೆ ಮುಳುವಾಯಿತು.

ಗುಮ್ಮಟದ ನಡುವೆ, ಅದರ ಒಳಮೈಗೆ ನಕ್ಷತ್ರಗಳ ಬೆಳಕು ಚೆಲ್ಲುವ, ಎರಡು ತಲೆಯ ಕರಿ ಇರುವೆಯಂತಹ ಯಂತ್ರ. ಅದಕ್ಕೆರಡು ಮೋಟಾರು. ದೊಡ್ಡದು ಇಡೀ ಯಂತ್ರವನ್ನು ಗಿರ್ರನೆ ತಿರುಗಿಸಿ ಹಗಲು ರಾತ್ರಿ ಮಾಡುತ್ತದೆ. ಚಿಕ್ಕದು ಗ್ರಹಗಳ ಹಲ್ಲುಚಕ್ರವನ್ನು ಮೆಲ್ಲಗೆ ನೂಕಿ ವರ್ಷ ಮಾಡುತ್ತದೆ. ಅದರ ಮುಂದೆಯೇ ಆಯುಷ್ಯ ಕಳೆದವರಿಗೆ ಒಂದು ಭ್ರಮೆ ಹತ್ತುತ್ತದೆ: ದಿನ ಅಂದರೆ ಭಾರೀ ಬಲ, ವರ್ಷ ಅಂದರೆ ಬಡಪಾಯಿ. ಒಂದು ಬೆಳಿಗ್ಗೆ ಶಾಲೆಯ ಮಕ್ಕಳ ಮುಂದೆ ಮೇಡಂ ಅದನ್ನೇ ಅಂದುಬಿಟ್ಟರು: "ಭೂಮಿ ತನ್ನ ಸುತ್ತ ತಾನು ತಿರುಗೋ ಶಕ್ತಿ ಮುಂದೆ ಸೂರ್ಯನ ಸುತ್ತ ಸುತ್ತೋ ಶಕ್ತಿ ಏನೇನೂ ಅಲ್ಲ ಮಕ್ಕಳೇ!"

ನಿಜ ಇರುವುದು ತಿರುಗುಮುರುಗು. ತನ್ನ ಸುತ್ತ ತಿರುಗುವಾಗ ಭೂಮಿಯ ನಡುಪಟ್ಟಿ ಸೆಕೆಂಡಿಗೆ ಅರ್ಧ ಕಿಲೋಮೀಟರೂ ಓಡುವುದಿಲ್ಲ. ಸೂರ್ಯನ ಸುತ್ತ ಇಡೀ ಭೂಮಿ ಮೂವತ್ತು ಕಿಲೋಮೀಟರು ಓಡುತ್ತದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಹಾಗೆ ಬೆಳೆದು ಬೆಳೆದು, ಸುತ್ತುವ ಶಕ್ತಿ ತಿರುಗುವ ಶಕ್ತಿಗಿಂತ ಹತ್ತು ಸಾವಿರ ಪಟ್ಟಿಗೂ ಮೇಲೆ ಹೋಗುತ್ತದೆ. ಶಾಲೆಯವರು ದೂರಿದರು, ಊರಿನ ಪತ್ರಿಕೆ ನಗಾಡಿತು.

ಆಗ ಮೇಡಂ ನಿರ್ದೇಶಕರ ಕುರ್ಚಿಗೆ ಕಾದಿದ್ದರು. "ಅವತ್ತು ಮಾತಾಡಿದ್ದು ಮಿಸಾವೊ," ಎಂದುಬಿಟ್ಟರು. ಕತ್ತಲಲ್ಲಿ ಕೇಳಿದ ದನಿಗೆ ಮುಖವೆಲ್ಲಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಸ್ವಲ್ಪ ತಡ್ಕೊಳೇ. ನಾನು ಆ ಕುರ್ಚಿ ಹತ್ತಿದ ಮಾರನೇ ದಿನವೇ ನಿಜ ಹೇಳ್ತೀನಿ," ಎಂದು ಒಳಗೆ ಕರೆದು ಬೆನ್ನು ಸವರಿದರು. ಮಿಸಾವೊ ಶಾಲೆಯ ವೇದಿಕೆಯ ಮೇಲೆ ಮಂಡಿಯೂರಿ, ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದಳು. ಮಕ್ಕಳು ಕಿಸಕ್ಕನೆ ನಕ್ಕರು. ತನ್ನ ಸುತ್ತ ತಿರುಗುವುದೇ ದೊಡ್ಡದೆಂದ ಬುಗುರಿ ಅಕ್ಕ ಹುಟ್ಟಿದ್ದು ಅಲ್ಲಿ.

ಮೇಡಂ ಕುರ್ಚಿ ಹತ್ತಿದರು. ನಿಜ ಹೇಳಲಿಲ್ಲ. ಬಾವಿಗೆ ಇಳಿಸಿ ಹಗ್ಗ ಕೊಯ್ದ ಹಾಗೆ, ಅವಳನ್ನು ಮೈಕಿನಿಂದ ಎಬ್ಬಿಸಿ ಟಿಕೆಟ್ ಕಿಟಕಿಗೆ ಕೂರಿಸಿದರು. ಮಿಸಾವೊಳ ಅಪ್ಪ ಶಿಕೋಕು ದ್ವೀಪಕ್ಕೆ ಹೋಗಿಬರುವ ದೋಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದವನು. "ಏನ್ ಯಜಮಾನ್ರೇ, ನಿಮ್ಮ ಮಗಳಿಗೆ ಚಕ್ರ ತಿರುಗೋದೂ ಗೊತ್ತಿಲ್ವಂತೆ!" ಎಂದು ಗೆಳೆಯರು ಆಡಿಕೊಂಡ ಮೇಲೆ ಅವನು ಸಾಕೆ ಹೆಂಡದ ಅಂಗಡಿಯ ಕಡೆ ಮುಖ ಹಾಕಲಿಲ್ಲ. ಸಾಯುವ ಮುಂಚೆ ಒಮ್ಮೆ ಕೇಳಿದ.

"ನಿಜವಾಗ್ಲೂ ನೀನೇ ಅಂದಿದ್ದೇನೇ?"

"ಇಲ್ಲಪ್ಪ. ಮೇಡಂ."

"ಹಾಗಾದ್ರೆ ಬಿಡಬೇಡ."

ಮೇಡಂ ನಿವೃತ್ತರಾದ ಮೇಲೆ ಮೈಕು ಮಿಸಾವೊಗೆ ಮರಳಿ ಸಿಕ್ಕಿತು. ಹೆಸರು ಮಾತ್ರ ಹೋಗಲಿಲ್ಲ. ಅವಳು ಹಲ್ಲು ಕಚ್ಚಿ ಕಾದಳು.

ಈ ವಸಂತದಲ್ಲಿ ಹಳೆಯ ಯಂತ್ರಕ್ಕೆ ವಿದಾಯ. ಅಲ್ಲಿನ ಪದ್ಧತಿಯಂತೆ, ಎಲ್ಲರಿಗಿಂತ ಹಿರಿಯರು ಯಂತ್ರದ ಪಕ್ಕ ನಿಂತು ಕೊನೆಯ ಕತೆ ಹೇಳಬೇಕು; ಶಿಷ್ಯರು ಯಂತ್ರ ನಡೆಸಬೇಕು. ಮೇಡಂ ಬೂದುಬಣ್ಣದ ಕಿಮೋನೊ ಉಟ್ಟು ಬಂದರು. ಚಹಾ ಕುಡಿಯುತ್ತಾ ಎಲ್ಲರ ಎದುರಿಗೇ ಅಂದರು: "ಏನೇ ಬುಗುರಿ, ಇವತ್ತಾದ್ರೂ ನೆಟ್ಟಗೆ ತಿರುಗಿಸ್ತೀಯಾ?"

"ನಿಮ್ಮ ಹತ್ರ ಕಲಿತ ಕೈ ಅಲ್ವಾ ಮೇಡಂ," ಎಂದು ಮಿಸಾವೊ ಕಿತ್ತಳೆ ಸುಲಿದು ಅವರ ಮುಂದಿಟ್ಟಳು.

ಗುಮ್ಮಟ ಕಿಕ್ಕಿರಿದಿತ್ತು. ಕತ್ತಲಾಯಿತು, ನಕ್ಷತ್ರ ಹತ್ತಿಕೊಂಡವು. ಕೊರಳಪಟ್ಟಿಗೆ ಮೈಕು ಸಿಕ್ಕಿಸಿಕೊಂಡು ಮೇಡಂ ಯಾವ ಆಸರೆಯನ್ನೂ ಹಿಡಿಯದೆ ನಿಂತಿದ್ದರು. ಆಕಾಶ ಜೋರಾಗಿ ತಿರುಗುವಾಗ ಯಾರೂ ಹಾಗೆ ನಿಲ್ಲಬಾರದು, ತಮ್ಮ ಕಾಲ ಕೆಳಗಿನ ನೆಲವೇ ತಿರುಗಿದಂತಾಗಿ ಬೀಳುತ್ತಾರೆ. ಬಹಳ ವರ್ಷ ಅತಿಥಿಯ ಕುರ್ಚಿಯಲ್ಲಿ ಕೂತ ಮೇಡಂಗೆ ಅದು ಮರೆತೇ ಹೋಗಿತ್ತು. ಒಂದು ಮಾತು, ಒಂದೇ ಒಂದು ಮಾತು ನಿಜ ಹೇಳಿದರೆ ಬಿಟ್ಟುಬಿಡುತ್ತೇನೆ ಎಂದುಕೊಂಡಿದ್ದಳು ಮಿಸಾವೊ.

"ಇದರ ದೊಡ್ಡ ಮೋಟಾರು ನೋಡಿ ನಮ್ಮ ಬುಗುರಿ ಅಕ್ಕ ಒಂದ್ಸಲ ಮೋಸ ಹೋದ್ಲು," ಎಂದರು ಮೇಡಂ. "ಭೂಮಿ ತಿರುಗೋದೇ ದೊಡ್ಡ ಶಕ್ತಿ ಅಂದ್ಬಿಟ್ಳು, ಪಾಪ!"

ಜನ ಗೊಳ್ಳೆಂದರು. ಮಿಸಾವೊ ದೊಡ್ಡ ಮೋಟಾರಿನ ವೇಗದ ತಿರುಪನ್ನು ಕೊನೆಯ ತನಕ ತಿರುಗಿಸಿದಳು.

ನಕ್ಷತ್ರಗಳು ಗೆರೆಯಾದವು. ಮೇಡಂ ತೂರಾಡಿ, ಗಾಳಿಯಲ್ಲಿ ಕೈ ತಡಕಾಡಿ, ಮಂಡಿಯ ಮೇಲೆ ಕುಸಿದರು. "ಏ ಮಿಸಾವೊ, ನಿಲ್ಸೇ!"

ಮಿಸಾವೊ ತನ್ನ ಮೈಕಿನಲ್ಲಿ, ಮೇಡಂ ಕಲಿಸಿದ ಅದೇ ದನಿಯಲ್ಲಿ ಹೇಳಿದಳು: "ಇದು ಚಿಕ್ಕ ಶಕ್ತಿ ಮೇಡಂ. ಸೂರ್ಯನ ಸುತ್ತ ಸುತ್ತೋದು ಇದರ ಹತ್ತು ಸಾವಿರ ಪಟ್ಟಿಗೂ ಮೇಲೆ. ಇದನ್ನೇ ದೊಡ್ಡದು ಅಂದೋರು ಯಾರು?"

"ದಮ್ಮಯ್ಯ, ನಿಲ್ಸೇ ತಾಯಿ!"

"ಯಾರು ಮೇಡಂ?"

"ನಾನು! ನಾನೇ ಕಣೇ ಅಂದಿದ್ದು! ನಿನ್ನ ತಲೆ ಮೇಲೆ ಹಾಕ್ದೆ!"

ಅಷ್ಟು ಜನಕ್ಕೂ ಕೇಳಿಸಿತು. ಮಿಸಾವೊ ಮೋಟಾರು ನಿಲ್ಲಿಸಿ ಬೆಳಗು ಮಾಡತೊಡಗಿದಳು. ಮೂಡಣದ ಅಂಚು ಬಿಳುಪಾಯಿತು, ಕುರ್ಚಿಗಳು ಕಂಡವು, ಮುಖಗಳು ಕಂಡವು. ಎಲ್ಲರ ನಡುವೆ, ಜಮಖಾನಕ್ಕೆ ಹಣೆ ಹಚ್ಚಿ, ಮಂಡಿಯೂರಿ ಬಗ್ಗಿದ್ದ ತ್ಸುಕುದಾ ಮೇಡಂ ಕಂಡರು. ತಲೆ ಎತ್ತಲು ಅವರಿಗಿನ್ನೂ ಆಗುತ್ತಿರಲಿಲ್ಲ.

"ಅಯ್ಯೋ, ಬೇಗ ದೀಪ ಹಾಕ್ರೀ!" ಎಂದು ಯಾರೋ ಕೂಗಿದರು.

"ಕಣ್ಣಿಗೆ ನೋವಾಗುತ್ತೆ, ಬೆಳಗಿಗೆ ಅವಸರ ಮಾಡಬಾರದು," ಎಂದಳು ಮಿಸಾವೊ. "ನಮ್ಮ ಮೇಡಂ ಕಲಿಸಿದ್ದು."